ಚಂದ್ರನ ಎಂಜಿನ್ನಿಗೆ ನನ್ನ ಶೆಗಡಿ

ಗಂಡನ ಹೆಸರು ಹೇಳಬಾರದೆಂದು ನಮ್ಮತ್ತೆ ಕಲಿಸಿದ್ದಳು. ಹೇಳದಿದ್ದರೆ ಬೈಯುವುದಾದರೂ ಹೇಗೆ? ಖಂಡೆಪ್ಪ. ಹೇಳಿಬಿಟ್ಟೆ, ಹೋಗಲಿ.

ಇವರ ಆಯುಷ್ಯವೆಲ್ಲ ಭಟ್ಟಿಯೊಳಗೇ ಹೋಯಿತು. ಸುಣ್ಣದ್ದಿರಲಿ, ಸಿಮೆಂಟಿನದಿರಲಿ, ಒಳಗೆ ಕೂತು ಬೆಂಕಿ ತಡೆಯುವ ಇಟ್ಟಿಗೆ ಜೋಡಿಸುವವರು. ಹೊಸ ಭಟ್ಟಿಗೆ ಒಮ್ಮೆಲೇ ಜೋರು ಉರಿ ಕೊಡಬಾರದು, ಮೊದಲು ಸಣ್ಣ ಉರಿಯಲ್ಲಿ ಹಸಿ ಆರಿಸಬೇಕು ಎಂಬುದು ಇವರ ವೇದ. ಹಾಗೆ ಆರಿಸದ ಒಂದು ಸುಣ್ಣದ ಭಟ್ಟಿ ಸಿಡಿದೇ ಇವರ ಗೆಳೆಯ, ದಂಡೋತಿಯ ಭೀಮಶಾನ ಕಣ್ಣು ಹೋದದ್ದು. ಅಂದಿನಿಂದ ನಾನು ಹೊಸ ಒಲೆ ಹಾಕಿದರೂ ಸಾಕು, ಇವರು ನಾಲ್ಕು ಕಡ್ಡಿ ಹಚ್ಚಿ, ಆರಿಸಿ, ಅಂಗೈ ಇಟ್ಟು ನೋಡಿದ ಮೇಲೇ ನನಗೆ ರೊಟ್ಟಿ ಬಡಿಯಲು ಅಪ್ಪಣೆ.

ಹೋದ ವರ್ಷ ಚಿತ್ತಾಪುರದಾಚೆ, ಕಲ್ಲು ತೆಗೆದು ಬಿಟ್ಟ ಹಳೇ ಖಣಿಗೆ ಒಂದು ಕಂಪನಿ ಬಂತು. ರಾಕೆಟ್ ಎಂಜಿನ್ನನ್ನು ನೆಲಕ್ಕೇ ಕಟ್ಟಿಹಾಕಿ ಉರಿಸಿ ನೋಡುವ ಕೆಲಸವಂತೆ. ಉರಿ ಬಡಿಯುವ ಕಡೆ ಇಟ್ಟಿಗೆ ಹಾಕಲು ಇವರನ್ನು ಕರೆದರು, ಚಹಾ ಮಾಡಲು ನನ್ನನ್ನು. ಇಂಜಿನಿಯರ್ ಉಮಾದೇವಿ ನಮ್ಮ ಶಹಾಬಾದಿನ ಹುಡುಗಿ. ಇವರನ್ನು ಕಾಕಾ ಎನ್ನುತ್ತಿದ್ದಳು.

"ಮುಂದ ಮನುಷ್ಯಾರು ಚಂದ್ರನ ಮ್ಯಾಲ ಇಳೀತಾರ ಕಾಕಾ. ವಾಪಸ್ ಏರಿ ಬರ್ಲಿಕ್ಕ ಇದೊಂದೇ ಎಂಜಿನ್. ಉರಿ ಹತ್ತಲಿಲ್ಲಂದ್ರ ಅವ್ರು ಅಲ್ಲೇ."

ಒಂದೇ ಅಚ್ಚಿನ ಎರಡು ಎಂಜಿನ್ ಬಂದಿದ್ದವು. ಒಂದನ್ನು ಉರಿಸಿದರು. ಅಬ್ಬಬ್ಬಾ, ಖಣಿಯೇ ಗದಗದ ನಡುಗಿತು, ನನ್ನ ಚಹಾದ ಡಬರಿಯ ಮುಚ್ಚಳ ಹಾರಿ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಛಲೋ ಹತ್ತಿತು ಯವ್ವಾ. ಇದನ್ನೇ ಕಳಸ್ರಿ," ಎಂದರು ಇವರು.

"ಇದು ಹೋಗಂಗಿಲ್ಲ ಕಾಕಾ. ಒಳಗಿನ ಪದರ ಒಂದೇ ಸಲಕ್ಕ ಸುಟ್ಟು ತೀರ್ತದ. ಹೋಗೋದು ಅಗೋ, ಆ ಶೆಡ್ಡಿನಾಗಿಂದು."

"ಅದನ್ನ ಯಾವಾಗ ಹಚ್ಚಿ ನೋಡ್ತೀರಿ?"

"ಚಂದ್ರನ ಮ್ಯಾಲೇ."

ಅಲ್ಲಿಗೆ ಇವರ ತಲೆ ಕೆಟ್ಟು ಮೊಸರಾಯಿತು. ಹಚ್ಚಿ ನೋಡಿದ್ದು ಗುಜರಿಗೆ, ನೋಡದೇ ಇದ್ದದ್ದು ಜೀವ ಕಾಯಲಿಕ್ಕೆ! ಬುತ್ತಿ ಬಿಚ್ಚಿದರೂ ಊಟ ಮುಟ್ಟಲಿಲ್ಲ. ನಾನೇ ಸಮಾಧಾನ ಹೇಳಿದೆ.

"ಅನ್ನ ಬೆಂದದೇನಂತ ಒಂದು ಅಗಳು ಹಿಚುಕಿ ನೋಡಂಗಿಲ್ಲೇನ್ರಿ? ಹಂಗೇ ಇದು."

"ಬೆಂದಿಲ್ಲಂದ್ರ ನೀ ಇನ್ನೊಂದು ಜರಾ ಉರಿ ಹಚ್ಚತಿ. ಅಲ್ಲಿ ಯಾರು ಹಚ್ಚತಾರ?"

ನನಗೆ ಸಿಟ್ಟು ಬಂತು, ಎದ್ದು ಭಾಂಡೆ ತಿಕ್ಕಿದೆ.

ಮಳೆ ಹಿಡಿಯಿತು. ಒಂದು ಮುಂಜಾನೆ ಚಹಾಕ್ಕೆ ಹಚ್ಚಿದ್ದ ನನ್ನ ಕೆಂಡದ ಶೆಗಡಿಯೇ ಮಾಯ. ಹುಡುಕುತ್ತ ಹೋದರೆ ಶೆಡ್ಡಿನ ಬಾಗಿಲು ತೆರೆದಿದೆ. ಒಳಗೆ ಆ ಎರಡನೇ ಎಂಜಿನ್ನಿನ ಬಾಯಿ ಕೆಳಗೆ ಶೆಗಡಿ ಇಟ್ಟು, ಇವರು ಮೊರದಿಂದ ಮೆಲ್ಲಗೆ ಗಾಳಿ ಹಾಕುತ್ತಿದ್ದಾರೆ!

"ಅಯ್ಯ ನಿಮ್ಮ! ಏನ್ ಮಾಡ್ಲಿಕತ್ತೀರಿ?"

"ಮಳಿಗಾಲ ಅದ. ಹಸಿ ಆರಿಸ್ಲಿಕತ್ತೀನಿ. ಆ ಮಂದಿ ಬರಬೇಕಲ್ಲ ವಾಪಸ್?"

ಉಮಾದೇವಿ ಓಡಿ ಬಂದು ಒಳಗಿನ ಮಸಿ ನೋಡಿ ತಲೆ ಹಿಡಿದು ಕುಳಿತಳು. ಕಂಪನಿಯ ದೊಡ್ಡ ಸಾಹೇಬರು ಇವರನ್ನು ಈಗಲೇ ಹೊರಗೆ ಹಾಕಿ ಎಂದರು. ಬಾಗಿಲು ತೆರೆದಿಟ್ಟಿದ್ದು ತಾನೇ ಎಂದು ಉಮಾದೇವಿ ಅಡ್ಡ ನಿಂತಳು. ನನಗೆ ಅವಮಾನವೂ ಆಯಿತು, ಅವಳ ಮೇಲೆ ಪ್ರೀತಿಯೂ ಬಂತು.

ಕೆಟ್ಟದ್ದು ಹೇಗೂ ಕೆಟ್ಟಿತು, ಎಷ್ಟು ಕೆಟ್ಟಿದೆ ನೋಡೋಣವೆಂದು ಅದನ್ನೂ ಕಟ್ಟಿ ಉರಿಸಿದರು. ಮೊದಲಿನದರಷ್ಟೇ ಚೆಂದ ಉರಿಯಿತು. ಇವರು ಮಗುವಿನ ಹಾಗೆ ಕುಣಿದಾಡಿದರು.

"ನೋಡ್ರಿ! ಈಗರ ಇದನ್ನ ಕಳಸ್ರಿ!"

"ಇದೂ ಸುಟ್ಟು ತೀರಿತಲ್ಲ ಕಾಕಾ."

ಇವರು ನನ್ನ ಮುಖ ನೋಡಿದರು, ನಾನು ಅವಳ ಮುಖ ನೋಡಿದೆ. ಖರೇ ಹೇಳುತ್ತೇನೆ, ನನಗೂ ತಿಳಿಯಲಿಲ್ಲ.

ದೀಪಾವಳಿ ಕಳೆದ ಮೇಲೆ ಇನ್ನೊಂದು ಎಂಜಿನ್ ಬಂತು, ಚಂದ್ರನಿಗೆ ಹೋಗುವಂಥದ್ದು. ಶೆಡ್ಡಿಗೆ ಬೀಗ ಬಿತ್ತು. ಇವರು ದಿನಾ ಬಾಗಿಲಾಚೆ ನಿಂತು ಕೇಳುವರು.

"ಹಸಿ ಇಲ್ಲಲ್ಲ ಯವ್ವಾ?"

"ಇಲ್ಲ ಕಾಕಾ."

ಇವರಿಗೆ ನಂಬಿಕೆ ಬಾರದು. ಅದನ್ನು ಒಯ್ಯುವ ಲಾರಿ ಬಂದ ದಿನ ಉಮಾದೇವಿ ತಾನೇ ಕರೆದಳು. "ಕೈ ತೊಳ್ಕೊಂಡು ಬರ್ರಿ ಕಾಕಾ. ಒಮ್ಮಿ ಮುಟ್ರಿ."

ಇವರು ಮೊಣಕೈವರೆಗೆ ತೊಳೆದು ಬಂದರು. ಅವಳು ಕೈಗೆ ಬಿಳಿ ಗ್ಲೌಸು ಹಾಕಿದಳು. ಇವರು ಎಂಜಿನ್ನಿನ ಪಕ್ಕೆಗೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತರು. ಕೈ ತೆಗೆಯದೇ ಅವಳ ಕಡೆ ತಿರುಗಿದರು.

"ಗ್ಲೌಸಿನಾಗ ಏನೂ ತಿಳಿವಲ್ದು ಯವ್ವಾ. ಹತ್ತತದೋ ಇಲ್ಲೋ?"

ಹತ್ತುತ್ತದೆ ಎಂದು ಅವಳು ಹೇಳುತ್ತಾಳೆ ಅಂದುಕೊಂಡೆ. ಅಷ್ಟು ಓದಿದವಳು.

"ನನಗೂ ತಿಳಿವಲ್ದು ಕಾಕಾ," ಎಂದಳು. ತನ್ನ ಕೈಯನ್ನೂ ಇವರ ಕೈ ಪಕ್ಕ ಇಟ್ಟಳು.

ಹೊರಗೆ ಲಾರಿಯವನು ಹಾರನ್ ಹಾಕಿದ. ಇಬ್ಬರೂ ಕೈ ತೆಗೆಯಲಿಲ್ಲ.