ಶಾನ್‌ಬೋರ್‌ನ ಗಿಟಾರಿನೊಳಗಿನ ನೀಲಿ ಚುಕ್ಕೆ

ಶಿಲ್ಲಾಂಗಿನ ಜಯಾವ್ ಏರಿನಲ್ಲಿ ನಮ್ಮ ಪಕ್ಕದ ಮನೆಯವಳು ಐಟಿಮೋನ್. ಗಲ್ಲಿಗೆಲ್ಲ ಅವಳು ಕಾಂಗ್, ಅಂದರೆ ಅಕ್ಕ. ರೇಡಿಯೊ ರಿಪೇರಿಯಲ್ಲಿ ಅವಳನ್ನು ಮೀರಿಸಿದವರಿಲ್ಲ. ಗಂಡ ಶಾನ್‌ಬೋರ್ ಗಲ್ಲಿಗೆಲ್ಲ ಬಾಹ್, ಅಂದರೆ ಅಣ್ಣ; ಅಂಚೆ ಕಚೇರಿಯ ನೌಕರ, ಬಹಳ ಒಳ್ಳೆಯವನು. ಎಲೆಕ್ಟ್ರಿಕ್ ಗಿಟಾರ್ ಕೈಗೆತ್ತಿಕೊಂಡಾಗ ಮಾತ್ರ ಆ ಒಳ್ಳೆಯತನ ಯಾರಿಗೂ ಕಾಣುತ್ತಿರಲಿಲ್ಲ. ತಗಡು ಕತ್ತರಿಸಿದಂಥ ಸದ್ದು. ನಮ್ಮಮ್ಮ ಕಿವಿಗೆ ಹತ್ತಿ ತುರುಕಿಕೊಂಡೇ ಅನ್ನಕ್ಕಿಡುತ್ತಿದ್ದಳು. ಚರ್ಚಿನ ಹಿರಿಯರೊಬ್ಬರು ಮನೆಗೇ ಬಂದು, "ಕಾಂಗ್, ದೇವರಿಗೂ ಕಿವಿ ಇದೆಯಮ್ಮ," ಅಂದು ಹೋದರು.

ನೇರವಾಗಿ ಹೇಳಿದರೆ ಗಂಡ ನೊಂದುಕೊಳ್ಳುತ್ತಾನೆ. ಅವನು ಕೆಲಸಕ್ಕೆ ಹೋದಾಗ ಐಟಿಮೋನ್ ಗಿಟಾರಿನ ಹಿಂದಿನ ಮುಚ್ಚಳ ಬಿಚ್ಚಿ, ವಾಲ್ಯೂಮ್ ತಿರುಗಣೆಗೆ ಹುಣಸೆಬೀಜದಷ್ಟು ಕೆಪಾಸಿಟರ್ ಒಂದನ್ನು ಬೆಸೆದಳು. ಕೀರಲು ದನಿಯೆಲ್ಲ ಅದರ ಮೂಲಕ ಅರ್ತ್ ತಂತಿಗೆ ಹರಿದುಹೋಗಿ, ದಪ್ಪ ದನಿ ಮಾತ್ರ ಉಳಿಯಿತು.

ಆ ಸಂಜೆ ಅಮ್ಮ ಹತ್ತಿ ತೆಗೆದಳು. ಭಾನುವಾರ ಹಿರಿಯರು ಶಾನ್‌ಬೋರ್‌ನ ಕೈ ಕುಲುಕಿದರು.

ಅಲ್ಲಿಂದ ಅವನನ್ನು ಹಿಡಿಯುವವರಿಲ್ಲ. "ದನಿ ಇರೋದು ಗಿಟಾರಲ್ಲಲ್ಲ, ಬೆರಳಲ್ಲಿ," ಎಂದು ಟೀ ಅಂಗಡಿಯಲ್ಲಿ ಪಾಠ ಶುರುಮಾಡಿದ. "ನುಡಿಸೋ ಮುಂಚೆ ಒಂದು ಕ್ವಾಯ್ ಜಗೀಬೇಕು. ಅಡಿಕೆ ಮೈ ಬಿಸಿ ಮಾಡುತ್ತೆ, ಆ ಬಿಸಿ ಬೆರಳಿಗಿಳಿಯುತ್ತೆ."

ಮೂವರು ಬ್ಯಾಂಕ್ ಗುಮಾಸ್ತರು ಶಿಷ್ಯರಾದರು. ಅವರ ತುಟಿ ಕೆಂಪಾದವೇ ಹೊರತು ಗಿಟಾರುಗಳು ಕಿರುಚುವುದನ್ನು ಬಿಡಲಿಲ್ಲ.

"ಹೇಳಿಬಿಡಲೇನೆ?" ಎಂದು ಐಟಿಮೋನ್ ನನ್ನನ್ನು ಕೇಳಿದಳು.

"ಸುಮ್ನಿರು ಕಾಂಗ್. ಅಮ್ಮ ಈಗಷ್ಟೇ ಹಾಡು ಗುನುಗೋಕೆ ಶುರುಮಾಡಿದ್ದಾಳೆ."

ಆದರೆ ಚರ್ಚಿನ ಅಭ್ಯಾಸದಲ್ಲಿ ಒಂದು ದಿನ ಗಿಟಾರ್ ಮೂಕವಾಯಿತು. ಡ್ರಮ್ ಬಾರಿಸುವ ಬಾತ್‌ಸ್ಖೆಮ್ ಮುಚ್ಚಳ ಬಿಚ್ಚಿದ. ಒಳಗಿನ ಬೆಸುಗೆಯ ಮೇಲೆ ನೀಲಿ ಉಗುರುಬಣ್ಣದ ಚುಕ್ಕೆ! ಗಲ್ಲಿಯ ಪ್ರತಿ ರೇಡಿಯೊದೊಳಗೂ ಐಟಿಮೋನ್ ಇಡುವ ಗುರುತು ಅದೇ.

"ಬಾಹ್ ಶಾನ್‌ಬೋರ್, ನಿನ್ನ ಬೆರಳು ಇಲ್ಲಿದೆ ನೋಡಯ್ಯಾ!"

ಶಾನ್‌ಬೋರ್ ಮನೆಗೆ ಬಂದವನು ಊಟಕ್ಕೂ ಕೂರಲಿಲ್ಲ. "ಬಾನ್ರಿ ಅಮ್ಮಾ," ಎಂದು ಮಗುವಿನ ಹೆಸರು ಹಿಡಿದು ಹೆಂಡತಿಯನ್ನು ಕರೆದ, "ಇಷ್ಟು ದಿನ ಜನ ಹೊಗಳಿದ್ದು ನಿನ್ನನ್ನೇನು?"

"ನೀನು ನುಡಿಸಿದ್ದನ್ನೇ. ಮೊದಲು ಆ ಕಿರುಚಾಟದಲ್ಲಿ ನಿನ್ನ ಹಾಡು ಯಾರಿಗೂ ಕೇಳ್ತಾನೇ ಇರಲಿಲ್ಲ. ನಾನು ದಾರಿ ಬಿಡಿಸಿಕೊಟ್ಟೆ, ಅಷ್ಟೆ."

ಅವನು ಗಿಟಾರನ್ನು ಅವಳ ಮುಂದಿಟ್ಟ. "ಹಾಗಾದ್ರೆ ಒಂದು ಸ್ವಿಚ್ ಹಾಕಿಕೊಡು. ಈ ಕಡೆ ತಳ್ಳಿದ್ರೆ ನಿನ್ನ ದನಿ, ಆ ಕಡೆ ತಳ್ಳಿದ್ರೆ ನನ್ನದು."

"ನಿನ್ನದನ್ನ ಯಾವಾಗ ನುಡಿಸ್ತೀಯೋ?"

"ನಿಮ್ಮಣ್ಣ ನನಗೆ ಬುದ್ಧಿ ಹೇಳೋಕೆ ಬಂದಾಗ."

ಐಟಿಮೋನ್ ಬಿದ್ದು ಬಿದ್ದು ನಕ್ಕಳು, ಸ್ವಿಚ್ಚನ್ನೂ ಹಾಕಿದಳು. ಮುಂದಿನ ಶನಿವಾರ ಅವಳಣ್ಣ ಬಂದು, ಅರ್ಧ ಲೋಟ ಚಹಾ ಬಿಟ್ಟೇ ಎದ್ದುಹೋದ.