ವಾಡೆಯ ಆಯಿ

ಆಯಿಯ ಹಣೆಯ ತುಂಬ ಬೀರೇಶ್ವರನ ಭಂಡಾರ. ಬಾಗಿ ಕಸ ಗುಡಿಸುವಾಗ ಆ ಅರಿಶಿನದ ಪುಡಿ ಉದುರಿ ಅವಳ ಮೂಗಿನ ತುದಿಯೂ ಹಳದಿಯಾಗುತ್ತಿತ್ತು. ಜಮಖಂಡಿಯ ಆ ಹಳೆಯ ವಾಡೆಯಲ್ಲಿ, ಅರಮನೆಯಂಥ ಆ ದೊಡ್ಡ ಮನೆಯಲ್ಲಿ, ಅವಳು ನಲವತ್ತು ವರ್ಷ ಕಸ ಗುಡಿಸಿದ್ದಳು.

ವಾಡೆಯನ್ನು ಜನ ನೋಡಲಿ ಎಂದು ಅದರ ಧಣಿಗಳು ಬಾಗಿಲು ತೆರೆಯಲು ಹೊರಟಾಗ, ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ನನಗೊಂದು ಕೆಲಸ ಒಪ್ಪಿಸಿದರು. ಬಂದವರು ಹೆಡ್‌ಫೋನ್ ಹಾಕಿಕೊಂಡು, ಕೋಣೆಯ ನಂಬರು ಒತ್ತಿ, ವಿವರ ಕೇಳುತ್ತ ತಾವೇ ಸುತ್ತಾಡಬೇಕು. ಆ ವಿವರವನ್ನು ನಾನು ಬರೆಯಬೇಕು. ‘ಭವ್ಯ’, ‘ವೈಭವೋಪೇತ’ ಎಂದೆಲ್ಲ ಬರೆದೆ. ಮಾಳಿಗೆಯ ಜಾಲಂದ್ರದ ಬಳಿ ನಿಂತು, ಮನೆಯ ಹೆಂಗಸರು ಅಲ್ಲಿ ತಂಗಾಳಿ ಸವಿಯುತ್ತಿದ್ದರೆಂದು ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದರೆ, ಹಿಂದೆ ಆಯಿ ಕಿಸಕ್ಕನೆ ನಕ್ಕಳು.

“ಅಕ್ಕೋರ, ಗಾಳಿ ತಗೊಳ್ಳಾಕ ಇಲ್ಲಿ ಯಾರೂ ನಿಂದರ್ತಿರಲಿಲ್ರಿ. ಕೆಳಗ ಗಂಡಸರು ಜಗಳಾಡೂ ಮುಂದ ಬಾಯಿಸಾಹೇಬ್ರು ಇಲ್ಲಿಂದ ಕದ್ದ ಕೇಳಿ ನಗತಿದ್ರು. ಅವರ ಹಿಂದ ನಿಂತ ನಾನೂ ನಗತಿದ್ದೆ.”

ಬಾಯಿಸಾಹೇಬರೆಂದರೆ ಧಣಿಗಳ ಅಜ್ಜಿ. ಅವರು ಬಾಯಿಗೆ ಸೆರಗು ತುರುಕಿಕೊಂಡು ಬಿಕ್ಕಳಿಸುವಂತೆ ನಗುತ್ತಿದ್ದುದನ್ನು ಆಯಿ ಮಾಡಿ ತೋರಿಸಿದಳು. ನಾನು ಬರೆದದ್ದನ್ನು ಮಡಚಿ ಚೀಲಕ್ಕೆ ಹಾಕಿದೆ. ವಾರವಿಡೀ ರೆಕಾರ್ಡರ್ ಹಿಡಿದು ಅವಳ ಹಿಂದೆ ತಿರುಗಿ, ಆ ನಗುವನ್ನೂ ಅವಳ ಮಾತನ್ನೂ ತುಂಬಿಸಿಕೊಂಡೆ. ಯಾವ ಕಂಬದ ಮರೆಯಲ್ಲಿ ಮಕ್ಕಳು ಬೆಲ್ಲ ಕದ್ದು ತಿಂದರು, ಯಾವ ಕಿಟಕಿ ಒದ್ದರಷ್ಟೇ ತೆರೆಯುತ್ತದೆ, ಎಲ್ಲ ಅವಳಿಗೆ ಗೊತ್ತು.

ಬಂದವರಿಗೆ ಅವಳ ದನಿಯನ್ನೇ ಕೇಳಿಸೋಣವೆಂದರೆ ಧಣಿಗಳು ಒಪ್ಪಲಿಲ್ಲ. “ಬೆಂಗಳೂರವರಿಗೆ ಆಕಿ ಮಾತ ತಿಳೀತಾವೇನ್ರಿ? ಛಲೋ ದನಿಯವರನ್ನ ಕರಸೋಣ.”

ವಾದಿಸುವ ಧೈರ್ಯ ನನಗಿರಲಿಲ್ಲ. ಒಮ್ಮೆ ಕೇಳಿ ಎಂದು ಹೆಡ್‌ಫೋನ್ ಕೊಟ್ಟೆ. ಕೇಳುತ್ತ ಕೇಳುತ್ತ ಅವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಕಣ್ಣು ತುಂಬಿತ್ತು, ಮುಖ ನಗುತ್ತಿತ್ತು.

“ಖರೆ ನಮ್ಮ ಅಜ್ಜಿದ ನಗೀರಿ ಇದು. ಒಂದು ಅಕ್ಷರಾನೂ ತಗೀಬ್ಯಾಡ್ರಿ.”

ಉದ್ಘಾಟನೆಯ ದಿನ ಆಯಿ ಹೊಸ ಇಳಕಲ್ ಸೀರೆ ಉಟ್ಟು ಬಂದಳು. ಕಾಲುಗಳು ತಾವಾಗಿ ಹಿತ್ತಲ ಬಾಗಿಲಿಗೆ ನಡೆದವು. ನಲವತ್ತು ವರ್ಷ ಅವಳು ಒಳಹೊಕ್ಕದ್ದೇ ಅಲ್ಲಿಂದ. ಧಣಿಗಳೇ ಎದುರು ಬಂದು, “ಆಯಿ, ಇತ್ಲಾಗ ಬರ್ರಿ” ಎಂದು ಮುಂಬಾಗಿಲಿಗೆ ಕರೆದೊಯ್ದರು. ಅವಳು ಹೊಸ್ತಿಲು ಮುಟ್ಟಿ ನಮಸ್ಕರಿಸಿ, ತಲೆಯೆತ್ತಿ ಒಳಗೆ ಬಂದಳು.

ಹೆಡ್‌ಫೋನ್ ಹಾಕಿದ್ದೇ ತಡ, ತನ್ನ ದನಿಗೆ ತಾನೇ ಉತ್ತರ ಕೊಡತೊಡಗಿದಳು. “ಹೂಂ, ಬರೋಬ್ಬರಿ! ಖರೆ ಹೇಳ್ದಿ!” ಕಿವಿ ಮುಚ್ಚಿದ್ದರಿಂದ ಕೂಗಿಯೇ ಮಾತು. ಬಂದವರೆಲ್ಲ ನೋಡುವುದನ್ನು ಬಿಟ್ಟು ಅವಳ ಹಿಂದೆ ನಡೆದರು. ಅಡುಗೆಮನೆಯಲ್ಲಿ ಹಣೆ ಬಡಿದುಕೊಂಡಳು.

“ಅಯ್ಯ, ಹೋಳಿಗಿ ಸುದ್ದೀನ ಬಿಟ್ಟೀನಲ್ರಿ! ಅಕ್ಕೋರ, ಮತ್ತೊಮ್ಮೆ ತುಂಬಸ್ಕೋರಿ!”

ಮರುದಿನವೇ ತುಂಬಿಸಿಕೊಂಡೆವು. ಬರೆಯುವ ಮೊದಲು ಕೇಳಬೇಕೆಂಬುದನ್ನು ಇಷ್ಟು ಓದಿದ ನನಗೆ ಕಲಿಸಿದವಳು ಅಕ್ಷರ ಬಾರದ ಆಯಿ.

ಕೆಲವು ವರ್ಷಗಳ ನಂತರ ಅವಳು ತನ್ನೂರು ಸಾವಳಗಿಯಲ್ಲಿ, ಊಟ ಮಾಡಿ ಮಲಗಿದವಳು, ನಿದ್ದೆಯಲ್ಲೇ ಹೋದಳು. ತಿಂಗಳಾದ ಮೇಲೆ ಅವಳ ಮಗಳು ವಾಡೆಗೆ ಬಂದಳು. ಅಳುತ್ತಾಳೇನೋ ಎಂದು ನಾನು ಜೊತೆಗೇ ನಿಂತೆ. ಹೆಡ್‌ಫೋನ್ ಹಾಕಿಕೊಂಡು ಎರಡು ಕೋಣೆ ದಾಟಿದವಳು ಜೋರಾಗಿ ನಗತೊಡಗಿದಳು.

“ಏನಾತು ಬೇ?” ಎಂದೆ.

“ಗ್ವಾಡಿಗಿ ಕೈ ಹಚ್ಚಬ್ಯಾಡ್ರಿ ಅಂತ ಬಯ್ಯಾಕತ್ತಾಳ್ರಿ ನಮ್ಮವ್ವ,” ಎಂದು ಅವಳು ಗೋಡೆಯ ಮೇಲಿಟ್ಟಿದ್ದ ಕೈಯನ್ನು ಸಟಕ್ಕನೆ ಹಿಂದೆ ತೆಗೆದಳು.