ಮುಚ್ಚಳ ತೆಗೆಯದ ಜಾರ್

ಸಿಂಧನೂರಿನ ನಮ್ಮ ಮನೆಯ ಸಾಮಾನಿನ ಕೋಣೆಯಲ್ಲಿ, ಜೋಳದ ಚೀಲದ ಪಕ್ಕ, ಇಪ್ಪತ್ತು ಲೀಟರಿನ ಪ್ಲಾಸ್ಟಿಕ್ ಜಾರ್ ಒಂದಿದೆ. ಚಳಿಗಾಲ ಬಂದರೆ ಅದರಲ್ಲಿ ನಾನು ಬಿಯರ್ ಮಾಡುತ್ತೇನೆ. ಲಿಂಗಸುಗೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವ ಮನುಷ್ಯನಿಗೆ ಇಂಥ ಚಟವಿದೆಯೆಂದು ಊರಿಗೆ ಗೊತ್ತಿಲ್ಲ. ಹೆಂಡತಿಗೆ ಗೊತ್ತು, ಆಕೆ ಆಗ ಆ ಕೋಣೆಗೆ ಕಾಲಿಡುವುದಿಲ್ಲ, ಅಷ್ಟೆ. ಇನ್ನು ಗೊತ್ತಿದ್ದದ್ದು ಮಸ್ಕಿಯಲ್ಲಿರುವ ಅಕ್ಕನ ಗಂಡನಿಗೆ. ಅವರನ್ನು ನಾನು ಮಾಮ ಎಂದೇ ಕರೆಯುವುದು.

ಮಾಮನದು ಮೈಕ್ ಸೆಟ್ ರಿಪೇರಿ ಅಂಗಡಿ. ಆಂಪ್ಲಿಫೈಯರ್ ತಂದಿಟ್ಟರೆ ಮೊದಲು ಮೀಟರ್ ಹಚ್ಚುತ್ತಿರಲಿಲ್ಲ, ಮೂಗು ಹಚ್ಚುತ್ತಿದ್ದರು. ಕಾಯಿಲ್ ಸುಟ್ಟಿದೆಯೋ ಟ್ರಾನ್ಸ್‌ಫಾರ್ಮರ್ ಹೋಗಿದೆಯೋ ವಾಸನೆಯ ಮೇಲೆ ಹೇಳಿಬಿಡುವರು. ನನ್ನ ಬಸ್ಸು ಮಸ್ಕಿಯ ಮೇಲೇ ಹೋಗುವುದರಿಂದ, ಸಂಜೆ ಅಲ್ಲಿಳಿದು ಅವರ ಜೊತೆ ಚಹಾ ಕುಡಿಯದೆ ನಾನು ಮನೆ ಸೇರಿದ್ದು ಕಡಿಮೆ.

ಒಂದು ಸಂಜೆ ನನ್ನ ಗೋಳು ತೋಡಿಕೊಂಡೆ. ಬಿಯರಿಗೆ ಹಾಪ್ಸ್ ಎಂಬ ಹೂವು ಹಾಕುತ್ತಾರೆ. ಕುದಿಸಿದರೆ ಕಹಿ ಬಿಡುತ್ತದೆ, ಘಮವೆಲ್ಲ ಹಬೆಯಲ್ಲಿ ಹೋಗುತ್ತದೆ. ಘಮ ಬೇಕಾದರೆ ಹುದುಗುವುದು ಮುಗಿಯುವ ಹೊತ್ತಿಗೆ ಮತ್ತೊಮ್ಮೆ ತಣ್ಣಗೆ ಹಾಕಬೇಕು. ಹಾಕಲು ಮುಚ್ಚಳ ತೆಗೆದರೆ ಗಾಳಿ ಹೊಗುತ್ತದೆ. ಗಾಳಿ ಹೊಕ್ಕ ಬಿಯರ್ ಕೆಲವೇ ದಿನಕ್ಕೆ ಕಂದು ತಿರುಗಿ, ಒದ್ದೆ ರಟ್ಟು ನೆಕ್ಕಿದ ಹಾಗಾಗುತ್ತದೆ. ಎರಡು ಚಳಿಗಾಲ ಹಾಗೇ ಹಾಳು ಮಾಡಿಕೊಂಡಿದ್ದೆ.

ಮಾಮ ಹಳೆಯ ಸ್ಪೀಕರುಗಳನ್ನು ಬಿಚ್ಚಿ ಎರಡು ಮ್ಯಾಗ್ನೆಟ್ ಕೈಗಿಟ್ಟರು. "ಮೊದಲ ದಿನಾನ ಹೂವಿನ ಗಂಟು ಕಟ್ಟಿ ಒಳಗ ಅಂಟಿಸಿ ಇಡು. ಒಳಗೊಂದು, ಹೊರಗೊಂದು. ಬೇಕಾದಾಗ ಹೊರಗಿಂದು ಕಿತ್ತರ ಗಂಟು ತಾನ ಬೀಳತೈತಿ. ಇಷ್ಟಕ್ಕ ಕೆಮಿಸ್ಟ್ರಿ ಯಾಕ ಬೇಕಲೇ?"

ನಾಚಿಕೆಯಾಯಿತು, ಖುಷಿಯೂ ಆಯಿತು. ಒಳಗಿನ ಮ್ಯಾಗ್ನೆಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ, ಹಾಪ್ಸಿನ ಜೊತೆ ತೆಳು ಬಟ್ಟೆಯಲ್ಲಿ ಕಟ್ಟಿ, ಜಾರಿನ ಮೇಲ್ಭಾಗಕ್ಕೆ ಅಂಟಿಸಿದೆ. ಹುದುಗುವಾಗ ಏಳುವ ಗ್ಯಾಸು ಒಳಗಿದ್ದ ಗಾಳಿಯನ್ನೆಲ್ಲ ಮುಚ್ಚಳಕ್ಕೆ ಸಿಕ್ಕಿಸಿದ್ದ ನಳಿಕೆಯ ಮೂಲಕ ಪಕ್ಕದಲ್ಲಿಟ್ಟಿದ್ದ ನೀರಿನ ಬಾಟಲಿಗೆ ತಳ್ಳಿತು.

ಹತ್ತನೆಯ ದಿನ ಭಾನುವಾರ. ನಾನೇ ಕರೆದಿದ್ದೆ, ಮಾಮ ಬೈಕಿನಲ್ಲಿ ಬಂದರು. ಹೊರಗಿನ ಮ್ಯಾಗ್ನೆಟ್ ಅವರೇ ಕಿತ್ತರು. ಗಂಟು ಬುಳಕ್ಕನೆ ಬಿತ್ತು. ಮಾಮ ಚಪ್ಪಾಳೆ ಹೊಡೆದು ನಕ್ಕರು.

"ಲೇ, ಒಂದ ಸಲ ಮುಚ್ಚಳ ತೆಗಿ. ಮೂಸಿ ನೋಡತೀನಿ."

"ಬ್ಯಾಡ್ರಿ ಮಾಮಾ, ಗಾಳಿ ಒಳಗ ಹೋಗತೈತಿ."

"ಒಂದ ಸಲ ಅಂದೆ."

"ನಿಮಗ ಹೇಳಿದ್ದು ತಿಳಿಯೂದಿಲ್ಲೇನ್ರಿ? ಐದ ದಿನ ತಡೀರಿ!" ಕ್ಲಾಸಿನಲ್ಲಿ ಗದರುವ ದನಿಯಲ್ಲೇ ಅಂದೆ. ಮಾಮ ಊಟಕ್ಕೂ ನಿಲ್ಲದೆ ಹೊರಟರು.

ದಾರಿಯಲ್ಲಿ, ಗದ್ದೆಯಿಂದ ಎದ್ದ ಟ್ರ್ಯಾಕ್ಟರು ರಸ್ತೆಯ ಮೇಲೆ ಉದುರಿಸಿ ಹೋಗಿದ್ದ ಕೆಸರಿಗೆ ಬೈಕು ಜಾರಿತು. ತಲೆಯ ಹಿಂಭಾಗಕ್ಕೆ ಪೆಟ್ಟು. ಜೀವಕ್ಕೇನೂ ಆಗಲಿಲ್ಲ, ವಾರದೊಳಗೆ ಆಸ್ಪತ್ರೆಯಿಂದ ಮನೆಗೆ ಬಂದರು. ಆಮೇಲೊಂದು ದಿನ ಒಲೆಯ ಮೇಲೆ ಬೇಳೆ ಸೀದು ಮನೆಯೆಲ್ಲ ನಾತ ಹೊಡೆಯುತ್ತಿದ್ದರೂ ಅವರು ಪಕ್ಕದಲ್ಲೇ ಸುಮ್ಮನೆ ಕೂತಿದ್ದರಂತೆ. ಆಗ ತಿಳಿಯಿತು. ವಾಸನೆಯ ನರಕ್ಕೆ ಏಟಾಗಿದೆ, ತಿರುಗಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಬರಲಿಲ್ಲ. ಈಗ ಅಂಗಡಿಗೆ ಆಂಪ್ಲಿಫೈಯರ್ ಬಂದರೆ ಮಾಮ ಅಕ್ಕನನ್ನು ಕರೆದು ಮೂಸಿಸುತ್ತಾರೆ. "ಏನೋ ಸುಟ್ಟೈತ್ರಿ" ಅನ್ನುತ್ತಾಳೆ ಆಕೆ. ಏನು ಸುಟ್ಟಿದೆಯೆಂದು ಆಕೆಗೆ ಗೊತ್ತಾಗುವುದಿಲ್ಲ.

ಆ ಭಾನುವಾರ ಹಾಪ್ಸ್ ಬಿದ್ದ ಮೇಲೆ ನಳಿಕೆಯ ನೀರಿನಲ್ಲಿ ಗುಳ್ಳೆ ಮತ್ತೆ ಎದ್ದಿದ್ದವು. ಹೊರಗೆ ಬರುತ್ತಿದ್ದ ಆ ಗ್ಯಾಸಿನಲ್ಲಿ ಘಮವಿತ್ತು. ಮಾಮನ ಮೂಗನ್ನು ಆ ಬಾಟಲಿಯ ಬಾಯಿಗೆ ಹಿಡಿಸಿದ್ದರೆ ಸಾಕಿತ್ತು, ಒಳಗೆ ಚೂರೂ ಗಾಳಿ ಹೋಗುತ್ತಿರಲಿಲ್ಲ. ಅಷ್ಟು ಓದಿದ ನನಗೆ ಅದು ಹೊಳೆಯಲಿಲ್ಲ. ಆ ದಿನದ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಪೆಟ್ಟು ಬಿದ್ದು ತಿಂಗಳಾದ ಮೇಲೆ ಎರಡು ಬಾಟಲಿ ಚೀಲದಲ್ಲಿಟ್ಟುಕೊಂಡು ಮಸ್ಕಿಗೆ ಹೋದೆ. ಅಂಗಡಿಯ ಶಟರ್ ಅರ್ಧ ಇಳಿಸಿ ಗ್ಲಾಸಿಗೆ ಸುರಿದೆ. ಅಂಥ ಬಿಯರ್ ಅದಕ್ಕೆ ಮುಂಚೆ ನಾನು ಮಾಡಿರಲಿಲ್ಲ. ಘಮಕ್ಕೆ ಬೆಸುಗೆಯ ಹೊಗೆಯೂ ಅಡಗಿಹೋಯಿತು.

"ಹೆಂಗೈತಿ ವಾಸನಿ?" ಎಂದು ಕೇಳಿದರು ಮಾಮ.

"ಏನಿಲ್ರಿ ಮಾಮಾ, ಕೆಟ್ಟೈತಿ. ಎಲ್ಲೋ ಗಾಳಿ ಹೊಕ್ಕೈತಿ."

ಮಾಮ ಗ್ಲಾಸನ್ನು ಬಲ್ಬಿಗೆ ಹಿಡಿದು ನೋಡಿದರು. "ಬಣ್ಣ ಬಂಗಾರದಂಗ ಐತಿ. ಗಾಳಿ ಹೊಕ್ಕರ ಕಂದು ಆಗತೈತಿ ಅಂತ ನೀನ ಹೇಳಿದ್ದಿ. ಯಾರ ಮುಂದ ಸುಳ್ಳ ಹೇಳಾಕತ್ತೀಯಲೇ?"

ಗ್ಲಾಸನ್ನು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದರು. "ಈಗ ಖರೇ ಹೇಳು."

ಮಾವಿನಕಾಯಿ ಸಿಪ್ಪೆ ಹೆರೆದಂಗೈತ್ರಿ, ಅಂದೆ. ಕಿತ್ತಳೆ ಸಿಪ್ಪೆ ಹಿಂಡಿದಂಗೈತಿ, ಅಂದೆ.

"ಮತ್ತ?"

ನಾನು ಬಾಟಲಿಯ ಬಾಯಿಗೆ ಮೂಗು ಹಚ್ಚಿ ಮತ್ತೊಮ್ಮೆ ಮೂಸಿದೆ. ಮಾಮ ಗ್ಲಾಸು ಇಳಿಸದೆ ಕಾಯುತ್ತ ಕೂತಿದ್ದರು.